ದಾರಿ ಬಿಡಿ, ಕುಣಿಯುವವರು ಬರುತ್ತಿದ್ದಾರೆ

ಜರ್ಮನಿಯಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಡ್ರಿಲ್ ಹಿಡಿಯುವಂತಿಲ್ಲ, ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ತೊಟ್ಟಿಗೆ ಹಾಕುವಂತಿಲ್ಲ. ಇಂಥ ದೇಶದ ಡ್ಯುಸೆಲ್‌ಡಾರ್ಫ್ ನಗರದಲ್ಲಿ, ಮೂರನೆಯ ಮಹಡಿಯ ಫ್ಲಾಟಿನಲ್ಲಿ, ವಾರಕ್ಕೆ ಬಿಡುವು ಸಿಗುವ ಅದೊಂದೇ ದಿನ, ಹೊಲದಲ್ಲಿ ಹಕ್ಕಿ ಓಡಿಸುವುದಕ್ಕೆಂದೇ ಹುಟ್ಟಿಕೊಂಡ ಮರದ ಸಾಧನವೊಂದನ್ನು ಬಾರಿಸಿ ಕಲಿಯಬೇಕಾದ ಪಾಡು ನನ್ನದಾಯಿತು. ಮೊದಲ ತಿಂಗಳಲ್ಲೇ ಮೆಟ್ಟಿಲ ಬಳಿಯ ಫಲಕದ ಮೇಲೆ ಒಂದು ಚೀಟಿ ಕಾಣಿಸಿಕೊಂಡಿತು. ಈ ಕಟ್ಟಡದಲ್ಲಿ ಯಾರೋ ಮರಕುಟಿಗವನ್ನು ಸಾಕಿಕೊಂಡಿರುವ ಹಾಗಿದೆ, ಭಾನುವಾರವಾದರೂ ಅದನ್ನು ಮಲಗಲು ಬಿಡಿ ಎಂದು ಅದರಲ್ಲಿ ಬರೆದಿತ್ತು. ಬರೆದವರ ಹಾಸ್ಯಪ್ರಜ್ಞೆಗೆ ತಲೆದೂಗಿ, ನಾಚಿಕೆಯಿಂದ ಕುಗ್ಗಿ, ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಸುತ್ತಿ ಬರುವ ರಬ್ಬರ್ ಬ್ಯಾಂಡುಗಳನ್ನು ಅಂದಿನಿಂದ ಕೂಡಿಡತೊಡಗಿದೆ. ಅವುಗಳಿಂದ ಬಡಿಗಳನ್ನು ಬಿಗಿದರೆ ಕೈ ಎಷ್ಟು ಆಡಿದರೂ ಸದ್ದು ಹೊರಡುವುದಿಲ್ಲ.

ಆ ಸಾಧನದ ಹೆಸರು ನರುಕೊ, ಯೊಸಕೊಯಿ ಎಂಬ ಜಪಾನೀ ಕುಣಿತದಲ್ಲಿ ಕೈಯಲ್ಲಿ ಹಿಡಿಯುವಂಥದು. ಅನ್ನ ಬಡಿಸುವ ಮರದ ಕೈಯನ್ನು ಕಲ್ಪಿಸಿಕೊಳ್ಳಿ. ಅದರ ಅಗಲವಾದ ಭಾಗದ ಮೇಲೆ, ಒಂದು ಅಡ್ಡ ಕಡ್ಡಿಗೆ ಪೋಣಿಸಿದಂತೆ, ಬೆರಳುದ್ದದ ಮೂರು ಮರದ ಬಡಿಗಳು. ಹಿಡಿ ಕೆಂಪು, ಬಡಿಗಳು ಕಪ್ಪು ಮತ್ತು ಹಳದಿ. ಇದು ಹಳೆಯ ಮಾದರಿ, ಈಗ ಎಲ್ಲ ಬಣ್ಣಗಳಲ್ಲೂ ಸಿಗುತ್ತದೆ. ಎರಡೂ ಕೈಗಳಲ್ಲಿ ಒಂದೊಂದು ಹಿಡಿದು, ಮಣಿಕಟ್ಟನ್ನು ಥಟ್ಟನೆ ಕೆಳಕ್ಕೆ ತಿರುಗಿಸಿ ಅಲ್ಲೇ ನಿಲ್ಲಿಸಿದರೆ ಮೂರೂ ಬಡಿಗಳು ಒಟ್ಟಿಗೆ ಎದ್ದು ಒಟ್ಟಿಗೆ ಬಿದ್ದು ‘ಚಕ್’ ಎಂಬ ಒಂದೇ ಸದ್ದು ಬರುತ್ತದೆ. ನಿಲ್ಲಿಸುವುದು ಕೂದಲೆಳೆಯಷ್ಟು ತಡವಾದರೂ ಅದು ‘ಚಕಚ’ ಆಗುತ್ತದೆ. ಕೈ ಬೀಸುವುದು ಯಾರಿಗಾದರೂ ಬರುತ್ತದೆ. ಬೀಸಿದ ಕೈಯನ್ನು ನಿಲ್ಲಿಸುವುದಕ್ಕೆ ನನಗೆ ಏಳು ತಿಂಗಳು ಹಿಡಿಯಿತು. ಹಾಡಿನಲ್ಲಿ ಮೌನ ಬೇಕಾದ ಕಡೆ ಇನ್ನೂ ಕಷ್ಟ. ಅಲ್ಲಿ ಬಡಿಗಳನ್ನು ಬೆರಳಿನಿಂದ ಒತ್ತಿ ಹಿಡಿದು, ಏನೂ ಹಿಡಿದಿಲ್ಲವೆಂಬಂತೆ ತೋಳನ್ನು ಹಗುರಾಗಿ ತೇಲಿಸಬೇಕು.

ನರುಕೊ ಮೊದಲಿಗೆ ಕುಣಿತದ ವಸ್ತುವಾಗಿರಲಿಲ್ಲ. ಜಪಾನಿನ ಭತ್ತದ ಗದ್ದೆಗಳಲ್ಲಿ ಹಲಗೆಗೆ ಬಿದಿರಿನ ತುಂಡುಗಳನ್ನು ಜೋತುಬಿಟ್ಟು, ಹಗ್ಗ ಕಟ್ಟಿ, ದೂರದಿಂದ ಎಳೆದು ಸದ್ದು ಮಾಡಿ ಗುಬ್ಬಿಗಳನ್ನು ಎಬ್ಬಿಸುವ ಉಪಾಯ ಅದು. ಇದನ್ನು ಕೇಳಿದ ದಿನ ನನಗೆ ನಗು ಬಂತು. ಗದಗ ಸೀಮೆಯ ಎರೆಹೊಲದಲ್ಲಿ ಬಿಳಿಜೋಳ ಹಾಲುಗಾಳಾಗುವ ಹೊತ್ತಿಗೆ ನಮ್ಮಜ್ಜ ಅಟ್ಟ ಕಟ್ಟಿ ಕೂರುತ್ತಿದ್ದ. ಅವನ ಕೈಯಲ್ಲಿ ಕವಣೆ, ನನ್ನ ಕೈಯಲ್ಲಿ ಎಣ್ಣೆ ಡಬ್ಬದ ತಗಡು. ಹಕ್ಕಿ ಕಾಯುವ ಕೆಲಸದ ಗುಟ್ಟು ಸದ್ದಿನ ಜೋರಿನಲ್ಲಿಲ್ಲ ಎಂದು ಅವನು ಹೇಳುತ್ತಿದ್ದ. ಒಂದೇ ಸಮನೆ ಬಾರಿಸಿದರೆ ಹಕ್ಕಿ ಆ ಸದ್ದಿಗೆ ಒಗ್ಗಿಕೊಂಡು ತೆನೆಯ ಮೇಲೇ ಕೂತಿರುತ್ತದೆ, ಬಿಟ್ಟು ಬಿಟ್ಟು, ಅದು ನೆನೆಸದ ಗಳಿಗೆಯಲ್ಲಿ ಬಾರಿಸಬೇಕು. ಅದೇ ಕೆಲಸದ ಇನ್ನೊಂದು ದೇಶದ ಸಾಧನವನ್ನು ನಲವತ್ತು ದಾಟಿದ ಮೇಲೆ ಎರಡೂ ಕೈಗಳಲ್ಲಿ ಹಿಡಿದು, ಹಕ್ಕಿಯೂ ಇಲ್ಲದ ತೆನೆಯೂ ಇಲ್ಲದ ಶಾಲೆಯೊಂದರ ವ್ಯಾಯಾಮದ ಹಾಲಿನಲ್ಲಿ ಬೆವರು ಸುರಿಸುತ್ತೇನೆಂದು ಆಗ ಯಾರಾದರೂ ಹೇಳಿದ್ದರೆ ಅಜ್ಜ ಕವಣೆಯನ್ನು ಅವರತ್ತಲೇ ತಿರುಗಿಸುತ್ತಿದ್ದ.

ಡ್ಯುಸೆಲ್‌ಡಾರ್ಫಿನಲ್ಲಿ ಜಪಾನೀ ಕುಣಿತ ಆಕಾಶದಿಂದ ಉದುರಿದ್ದಲ್ಲ. ಎರಡನೆಯ ಮಹಾಯುದ್ಧದ ನಂತರ ಉಕ್ಕು ಮತ್ತು ಯಂತ್ರಗಳ ವ್ಯಾಪಾರಕ್ಕೆಂದು ಬಂದ ಜಪಾನೀ ಕಂಪನಿಗಳು ಇಲ್ಲಿ ನೆಲೆಯೂರಿದವು. ರೈಲು ನಿಲ್ದಾಣದಿಂದ ಹೊರಟರೆ ಸಿಗುವ ಇಮ್ಮರ್‌ಮನ್ ಬೀದಿಯಲ್ಲಿ ಇಂದಿಗೂ ಜಪಾನೀ ಬೇಕರಿ, ಪುಸ್ತಕದ ಅಂಗಡಿ, ನೂಡಲ್ಸಿಗಾಗಿ ಸಾಲು ನಿಂತ ಜನ. 2002ರಿಂದ ರೈನ್ ನದಿಯ ದಂಡೆಯಲ್ಲಿ ‘ಜಪಾನ್ ದಿನ’ ನಡೆಯುತ್ತದೆ; ಲಕ್ಷಗಟ್ಟಲೆ ಜನ ಸೇರುತ್ತಾರೆ, ರಾತ್ರಿ ನದಿಯ ಮೇಲೆ ಪಟಾಕಿಯ ಹೂಮಳೆ. ನಾನು ಇಂಥದೊಂದು ಸಂಜೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಅನಿಮೆ ಪಾತ್ರಗಳ ವೇಷ ತೊಟ್ಟವರನ್ನು ನೋಡುವ ಆಸೆ. ನೋಡುತ್ತಾ ನಿಂತವಳು ಅವಳು, ಕುಣಿತದ ತಂಡಕ್ಕೆ ಸೇರಿದವಳು ನಾನು. ಅವಳು ಇದನ್ನು ಇನ್ನೂ ಕ್ಷಮಿಸಿಲ್ಲ.

ನಮ್ಮ ತಂಡವೆಂದರೆ ಹದಿನಾಲ್ಕು ಜನ. ಒಬ್ಬರು ನಿವೃತ್ತ ಟ್ರಾಮ್ ಚಾಲಕರು, ಇಬ್ಬರು ವಿಶ್ವವಿದ್ಯಾಲಯದಲ್ಲಿ ಜಪಾನೀ ಭಾಷೆ ಓದುವ ಹುಡುಗಿಯರು, ಗಂಡನ ಕೆಲಸದ ನಿಮಿತ್ತ ಮೂರು ವರ್ಷಕ್ಕೆಂದು ಬಂದ ಜಪಾನೀ ಗೃಹಿಣಿಯರು ನಾಲ್ವರು, ಒಬ್ಬ ಪೋಲಿಷ್ ನರ್ಸ್, ಒಬ್ಬ ವಿಮಾ ಲೆಕ್ಕಿಗ, ಹೀಗೆ. ಕಲಿಸುವವರು ಶಿಕೊಕು ದ್ವೀಪದ ಕೋಚಿ ನಗರದಲ್ಲಿ ಹುಟ್ಟಿ ಬೆಳೆದ ಒಬ್ಬ ಹೆಂಗಸು. ಹಗಲು ಒಂದು ದಂತವೈದ್ಯರ ಚಿಕಿತ್ಸಾಲಯದಲ್ಲಿ ಕೆಲಸ, ರಾತ್ರಿ ನಮ್ಮ ಗುರು. ಫೀಸು ಇಲ್ಲ. ಹಾಲಿನ ಬಾಡಿಗೆಯನ್ನು ಹಂಚಿಕೊಳ್ಳುತ್ತೇವೆ, ಅಷ್ಟೆ. ಎಣಿಕೆಯನ್ನು ಅವರು ಜಪಾನೀ ಭಾಷೆಯಲ್ಲಿ ಹೇಳುತ್ತಾರೆ, ಟ್ರಾಮ್ ಚಾಲಕರು ಜರ್ಮನ್‌ನಲ್ಲಿ ಗೊಣಗಿಕೊಳ್ಳುತ್ತಾರೆ, ನನ್ನೊಳಗೆ ‘ಒಂದು ಎರಡು ಮೂರು ನಾಕು’ ಎಂದೇ ಓಡುತ್ತದೆ. ಲೆಕ್ಕ ಮತ್ತು ಬೈಗುಳ ಎರಡನ್ನೂ ಮನುಷ್ಯ ಮೊದಲು ಕಲಿತ ಭಾಷೆಯಲ್ಲೇ ಮಾಡುತ್ತಾನೆಂದು ಕಾಣುತ್ತದೆ.

ಮೊದಲ ನಾಲ್ಕು ತಿಂಗಳು ನರುಕೊವನ್ನು ನಮ್ಮ ಕೈಗೇ ಕೊಡಲಿಲ್ಲ. ಸೊಂಟವನ್ನು ಇಳಿಸುವುದು ಕಲಿಯಿರಿ ಎಂದರು. ಅದಕ್ಕೆ ಅವರು ಹಿಡಿದ ದಾರಿ ಸೋರಾನ್ ಎಂಬ ಇನ್ನೊಂದು ಕುಣಿತ. ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಹೆರಿಂಗ್ ಮೀನಿನ ಸುಗ್ಗಿಯಲ್ಲಿ ಬಲೆ ಎಳೆಯುತ್ತಾ ಬೆಸ್ತರು ಹಾಡುತ್ತಿದ್ದ ಹಾಡು ಅದು. ಅದನ್ನು ವಕ್ಕನಾಯ್ ಎಂಬ ತುತ್ತತುದಿಯ ಊರಿನ ಶಾಲೆಯೊಂದರ ಮಕ್ಕಳು ಹೊಸ ಕುಣಿತವಾಗಿ ಕುಣಿದು ಹೆಸರು ಮಾಡಿದ ಮೇಲೆ ಜಪಾನಿನ ಶಾಲೆಗಳ ಕ್ರೀಡಾದಿನಗಳಿಗೆಲ್ಲ ಹಬ್ಬಿತು. ತೊಡೆ ನೆಲಕ್ಕೆ ಸಮಾನಾಂತರವಾಗುವಷ್ಟು ಕುಗ್ಗಿ, ಕಾಣದ ಹಗ್ಗವನ್ನು ಅಲೆಯ ಎದುರಿನಿಂದ ಎಳೆಯಬೇಕು. ಚಿಕ್ಕವಳಿದ್ದಾಗ ಎರಡು ವರ್ಷ ಭರತನಾಟ್ಯ ಕಲಿತಿದ್ದ ಧೈರ್ಯದ ಮೇಲೆ, ಅರೆಮಂಡಿಯ ಮುಂದೆ ಇದು ಯಾವ ಲೆಕ್ಕ ಎಂದುಕೊಂಡೆ. ಆದರೆ ಅರೆಮಂಡಿಯಲ್ಲಿ ಬೆನ್ನು ನೆಟ್ಟಗೆ, ನೋಟ ಎದುರಿಗೆ, ಭಾರ ನಡುವಿಗೆ. ಇಲ್ಲಿ ದೇಹ ವಾಲುತ್ತದೆ, ಭಾರ ಒಂದು ತೊಡೆಯಿಂದ ಇನ್ನೊಂದಕ್ಕೆ ಹೊರಳುತ್ತದೆ, ಅಂದ ಎಂಬ ಮಾತಿಗೇ ಅವಕಾಶವಿಲ್ಲ. ನೀನು ಬಲೆಯನ್ನು ಚಿತ್ರದಲ್ಲಿ ಬರೆಯುತ್ತಿದ್ದೀಯ, ಎಳೆಯುತ್ತಿಲ್ಲ ಎಂದು ಗುರು ಒಮ್ಮೆ ಹೇಳಿದರು. ಮರುದಿನ ಆಫೀಸಿನಲ್ಲಿ ಮೆಟ್ಟಿಲು ಇಳಿಯಲಾಗದೆ ಲಿಫ್ಟಿಗೆ ಕಾದು ನಿಂತೆ.

ನರುಕೊ ಹಿಡಿದು ಕುಣಿಯುವ ನಮ್ಮ ಅಸಲು ಕುಣಿತ ಯೊಸಕೊಯಿ. ಅದಕ್ಕೆ ಸಾವಿರ ವರ್ಷದ ಇತಿಹಾಸವಿರಬಹುದೆಂದು ನಾನು ಮೊದಲಿಗೆ ನಂಬಿದ್ದೆ. ಹೊರನಾಡಿನಲ್ಲಿ ಜಪಾನಿನದು ಎಂದರೆ ಎಲ್ಲವನ್ನೂ ಪುರಾತನವೆಂದು ಭಾವಿಸುವ ರೂಢಿ ಇದೆ. ನಿಜದಲ್ಲಿ ಅದು ಹುಟ್ಟಿದ್ದು 1954ರಲ್ಲಿ. ಅದನ್ನು ಹುಟ್ಟಿಸಿದವರು ಕೋಚಿಯ ವರ್ತಕರ ಸಂಘದವರು. 1945ರ ಜುಲೈನಲ್ಲಿ ಆ ಊರು ಬಾಂಬುದಾಳಿಯಲ್ಲಿ ಸುಟ್ಟಿತ್ತು, 1946ರ ಡಿಸೆಂಬರಿನಲ್ಲಿ ಭೂಕಂಪ ಉಳಿದದ್ದನ್ನೂ ಅಲುಗಿಸಿತ್ತು. ಬೇಸಿಗೆಯಲ್ಲಿ ವ್ಯಾಪಾರ ಸತ್ತುಹೋಗುತ್ತಿತ್ತು. ಪಕ್ಕದ ತೊಕುಶಿಮಾದಲ್ಲಿ ನೂರಾರು ವರ್ಷಗಳ ಆವಾ ಒದೊರಿ ಎಂಬ ಕುಣಿತಕ್ಕೆ ಜನ ಹರಿದು ಬರುವುದನ್ನು ಕಂಡು, ನಮಗೂ ಒಂದಿರಲಿ ಎಂದು ಇವರು ಹೊರಟರು. ಮಳೆ ಕಡಿಮೆ ಬೀಳುವ ದಿನಗಳನ್ನು ಹುಡುಕಿ ಆಗಸ್ಟಿನ ದಿನಗಳನ್ನು ಗೊತ್ತು ಮಾಡಿಕೊಂಡರಂತೆ. ಅಂಗಡಿಯವರ ಲೆಕ್ಕಾಚಾರ ಎಂದರೆ ಹೀಗಿರಬೇಕು! ಹಾಡು ಕಟ್ಟುವ ಕೆಲಸವನ್ನು ತಕೆಮಾಸ ಎಯ್ಸಾಕು ಎಂಬ ಸಂಗೀತಗಾರರಿಗೆ ಒಪ್ಪಿಸಿದರು. ಬರಿಗೈಯಲ್ಲಿ ಕುಣಿಯುವ ಆವಾ ಒದೊರಿಗೆ ಸಾಟಿಯಾಗಬೇಕಾದರೆ ಕೈಯಲ್ಲಿ ಏನಾದರೂ ಇರಬೇಕೆಂದು ಯೋಚಿಸಿ, ವರ್ಷಕ್ಕೆ ಎರಡು ಬೆಳೆ ಭತ್ತ ತೆಗೆಯುವ ಆ ಸೀಮೆಯ ಗದ್ದೆಗಳಿಂದ ನರುಕೊವನ್ನು ಎತ್ತಿ ತಂದದ್ದು ಅವರೇ. ಮೊದಲ ವರ್ಷ 21 ತಂಡಗಳು, 750 ಜನ.

ನನಗೆ ಈ ಕಥೆಯಲ್ಲಿ ಬಹಳ ಹಿಡಿಸುವುದು ಅವರು ಮಾಡದೆ ಬಿಟ್ಟ ಕೆಲಸ. ಹಾಡನ್ನು ಹೀಗೇ ಬಾರಿಸಬೇಕು, ಕುಣಿತವನ್ನು ಹೀಗೇ ಕುಣಿಯಬೇಕು ಎಂದು ತಕೆಮಾಸ ಪಟ್ಟು ಹಿಡಿಯಲಿಲ್ಲ. ಬೇಕಾದವರು ಬೇಕಾದಂತೆ ತಿದ್ದಿಕೊಳ್ಳಲೆಂದು ಬಿಟ್ಟುಕೊಟ್ಟರು. 1972ರಲ್ಲಿ ಕೋಚಿಯ ತಂಡವೊಂದು ಫ್ರಾನ್ಸಿನ ನೀಸ್ ನಗರದ ಕಾರ್ನಿವಲ್‌ಗೆ ಹೋಯಿತು, ಆ ಆಸುಪಾಸಿನಿಂದ ಸಾಂಬಾ, ರಾಕ್ ಎಲ್ಲವೂ ಯೊಸಕೊಯಿಯ ಲಯದೊಳಗೆ ಸೇರಿಕೊಂಡವು. ಅಂದರೆ ವಿದೇಶದಲ್ಲಿ ಕುಣಿದು ಕೆಟ್ಟಿತು ಎನ್ನುವವರಿಗೆ ಉತ್ತರ ಅದರ ಚರಿತ್ರೆಯಲ್ಲೇ ಇದೆ. ಹೊಕ್ಕೈಡೊದ ಸಪ್ಪೊರೊ ನಗರದ ಒಬ್ಬ ಕಾಲೇಜು ವಿದ್ಯಾರ್ಥಿ ಕೋಚಿಗೆ ಹೋಗಿದ್ದಾಗ ಈ ಹಬ್ಬವನ್ನು ಕಂಡು ಮರುಳಾಗಿ, ಗೆಳೆಯರನ್ನು ಕೂಡಿಕೊಂಡು, 1992ರ ಜೂನಿನಲ್ಲಿ ತಮ್ಮೂರಿನ ಸೋರಾನ್ ಹಾಡಿನ ಜೊತೆ ಇದನ್ನು ಬೆರೆಸಿ ಹತ್ತು ತಂಡಗಳ ಹಬ್ಬ ನಡೆಸಿದ. ಅಲ್ಲಿಂದ ಮುಂದೆ ಅದು ಜಪಾನಿನಾದ್ಯಂತ ಹಬ್ಬಿತು. ಕೋಚಿಯ ಹಬ್ಬದಲ್ಲಿ ಇಂದಿಗೂ ಮೂಲ ಷರತ್ತುಗಳು ಬೆರಳೆಣಿಕೆಯವು: ಕೈಯಲ್ಲಿ ನರುಕೊ ಇರಬೇಕು, ಹಾಡಿನಲ್ಲಿ ಎಲ್ಲಾದರೂ ಮೂಲ ಯೊಸಕೊಯಿ ಹಾಡಿನ ಒಂದು ಎಳೆ ಕೇಳಿಸಬೇಕು, ತಂಡ 150 ಜನವನ್ನು ಮೀರಬಾರದು, ಕುಣಿಯುತ್ತಾ ಮುಂದೆ ಸಾಗಬೇಕು.

ಈ ಕೊನೆಯ ಷರತ್ತಿಗೆ ಆಮೇಲೆ ಬರುತ್ತೇನೆ. ಅದು ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು.

ನಮ್ಮ ಮೊದಲ ಪ್ರದರ್ಶನ ರೈನ್ ದಂಡೆಯ ಆ ಹಬ್ಬದ ದಿನವೇ, ಬದಿಯ ಒಂದು ಚಿಕ್ಕ ವೇದಿಕೆಯಲ್ಲಿ. ಉಡುಪನ್ನು ನಾವೇ ಹೊಲಿದುಕೊಂಡಿದ್ದೆವು: ನೀಲಿ ಮೇಲಂಗಿ, ಸೊಂಟಕ್ಕೆ ಕಿತ್ತಳೆ ಪಟ್ಟಿ, ಕಾಲಿಗೆ ಹೆಬ್ಬೆರಳು ಬೇರೆ ಮಾಡಿ ಹೊಲಿದ, ರಬ್ಬರ್ ಅಟ್ಟೆಯ ಜಿಕಾತಾಬಿ. ಕಾರಿನ ಟೈರಿಗೆ ಹೆಸರಾದ ಬ್ರಿಜ್‌ಸ್ಟೋನ್ ಕಂಪನಿಯನ್ನು ಕಟ್ಟಿದ ಮನೆತನ ಅದಕ್ಕೆ ಮುಂಚೆ ದುಡ್ಡು ಮಾಡಿದ್ದು ಈ ಕಾಲುಚೀಲಕ್ಕೆ ರಬ್ಬರ್ ಅಂಟಿಸಿ ಎಂದು ವಿಮಾ ಲೆಕ್ಕಿಗರು ನಮಗೆಲ್ಲ ಹೇಳಿಯಾಗಿತ್ತು. ಭಯವಾದಾಗ ಅವರು ಇಂಥ ಮಾಹಿತಿ ಹೇಳುತ್ತಾರೆ. ಡೇರೆಯಲ್ಲಿ ಉಡುಪು ತೊಟ್ಟು ನಿಂತಿದ್ದೆ. ಪಕ್ಕದ ತಂಡದ ಒಬ್ಬ ಜಪಾನೀ ಅಜ್ಜಿ ನನ್ನ ಹತ್ತಿರ ಬಂದರು. ಮಾತಿಲ್ಲ. ನನ್ನ ಸೊಂಟಪಟ್ಟಿಯನ್ನು ಬಿಚ್ಚಿದರು, ಎದೆಯ ಮೇಲಿನ ಎರಡೂ ಮಡಿಕೆಗಳನ್ನು ತೆರೆದು, ಅದಲು ಬದಲು ಮಾಡಿ, ಅಂಗೈಯಿಂದ ನೇವರಿಸಿ, ಪಟ್ಟಿಯನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿ, ಬೆನ್ನಿಗೆ ಎರಡು ಸಲ ತಟ್ಟಿ ಹೊರಟುಹೋದರು. ತೊಟ್ಟವರ ಎಡಗಡೆಯ ಅಂಚು ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಸತ್ತವರಿಗೆ ಉಡಿಸುವ ಕ್ರಮ. ಶ್ರಾದ್ಧದ ದಿನ ಜನಿವಾರ ಎಡ ಹೆಗಲಿನಿಂದ ಬಲ ಹೆಗಲಿಗೆ ಹೋಗುವುದನ್ನು, ಆಗ ಮನೆಯ ಹಿರಿಯರ ಮುಖ ಗಂಭೀರವಾಗುವುದನ್ನು ಊರಿನಲ್ಲಿ ನೋಡಿದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಣದಂತೆ ಉಟ್ಟುಕೊಂಡು ಹಬ್ಬಕ್ಕೆ ಕುಣಿಯಲು ಹೊರಟಿದ್ದೆ.

ಕುಣಿತವಾದರೂ ಚೆನ್ನಾಗಿ ಆಯಿತೇ ಎಂದರೆ, ಇಲ್ಲ. ನಾವೇ ಪೆನ್‌ಡ್ರೈವಿನಲ್ಲಿ ತಂದಿದ್ದ ಹಾಡಿನ ಕಡತ ಅರ್ಧದಲ್ಲಿ ತುಂಡಾಗಿತ್ತು. ಸುಮಾರು ಒಂದು ನಿಮಿಷವಾಗುತ್ತಿದ್ದಂತೆ ಸಂಗೀತ ನಿಂತುಹೋಯಿತು. ಇಂಥ ಘಳಿಗೆಯಲ್ಲಿ ತಂಡವೆಲ್ಲ ಒಂದೇ ಜೀವವಾಗಿ ನರುಕೊಗಳ ಸದ್ದಿನ ಮೇಲೆಯೇ ಕುಣಿತವನ್ನು ಮುಂದುವರಿಸಿತು ಎಂದು ಬರೆಯುವ ಆಸೆ ನನಗೂ ಇದೆ. ಆದದ್ದು ಅದಲ್ಲ. ಹಾಡು ಇರುವವರೆಗೆ ಮುಚ್ಚಿಹೋಗಿದ್ದ ನಮ್ಮ ಗುಟ್ಟು ಬಯಲಾಯಿತು: ಹದಿನಾಲ್ಕು ಜೊತೆ ನರುಕೊಗಳು ಹದಿನಾಲ್ಕು ಕಡೆ, ಸುಗ್ಗಿಯ ಕಣದಲ್ಲಿ ಕಾಳು ಚೆಲ್ಲಿದಂತೆ, ಚಕಚಕಚಚ ಎಂದು ಚೆದುರಿ ಬಿದ್ದವು. ಒಬ್ಬೊಬ್ಬರಾಗಿ ನಿಂತೆವು. ಟ್ರಾಮ್ ಚಾಲಕರು ಮಾತ್ರ ಇನ್ನೂ ಎಂಟು ಎಣಿಕೆ ಕುಣಿದು ಆಮೇಲೆ ನಿಂತರು. ಗುರು ಎದುರಿನಿಂದ ‘ಇಚಿ, ನಿ, ಸಾನ್, ಶಿ’ ಎಂದು ಕೂಗಿ ಎಣಿಸಿ ಮೊದಲಿನಿಂದ ಆರಂಭಿಸಿದರು. ಜನ ಚಪ್ಪಾಳೆ ತಟ್ಟಿದರು. ಕರುಣೆಯ ಚಪ್ಪಾಳೆಯನ್ನು ಗುರುತಿಸಲಾರದಷ್ಟು ದಡ್ಡರು ನಮ್ಮಲ್ಲಿ ಯಾರೂ ಇರಲಿಲ್ಲ.

ಮರುದಿನದಿಂದ ಆರು ವಾರ ಹಾಡಿಲ್ಲದೆ ಅಭ್ಯಾಸ ನಡೆಯಿತು. ಹಾಲಿನ ದೀಪ ಆರಿಸಿ, ಕಣ್ಣು ಮುಚ್ಚಿ, ಎಣಿಕೆಯೂ ಇಲ್ಲದೆ, ಉಸಿರು ಕೇಳಿಸಿಕೊಂಡು ಒಂದೇ ಒಂದು ‘ಚಕ್’ ತೆಗೆಯುವುದು. ರಬ್ಬರ್ ಬ್ಯಾಂಡು ಕಟ್ಟಿಕೊಂಡು ಮನೆಯಲ್ಲಿ ಮಾಡಿದ್ದ ನನ್ನ ಅಭ್ಯಾಸ ಅಷ್ಟೂ ದಂಡವಾಗಿತ್ತೆಂದು ಆಗ ತಿಳಿಯಿತು. ಸದ್ದಿಲ್ಲದ ನರುಕೊ ತೋಳಿಗೆ ಚಲನೆಯನ್ನು ಕಲಿಸುತ್ತದೆಯೇ ಹೊರತು ಹೊತ್ತನ್ನು ಕಲಿಸುವುದಿಲ್ಲ; ತಪ್ಪು ಮಾಡಿದಾಗ ಬೈಯುವ ಬಾಯಿಯನ್ನೇ ನಾನು ಕಟ್ಟಿಹಾಕಿದ್ದೆ. ಆಮೇಲೆ ಭಾನುವಾರ ಬೆಳಿಗ್ಗೆ ರೈನ್ ದಂಡೆಯ ಹುಲ್ಲುಗಾವಲಿಗೆ ಹೋಗತೊಡಗಿದೆ. ಅಲ್ಲಿ ಬಾತುಗಳು ಮೊದಲೆರಡು ವಾರ ಹಾರಿದವು, ಮೂರನೆಯ ವಾರ ತಿರುಗಿಯೂ ನೋಡಲಿಲ್ಲ. ಅಜ್ಜನ ಮಾತು ನಿಜವಿತ್ತು.

ಈ ನಡುವೆ ಊರಿನವರ, ಇಲ್ಲಿನ ಕನ್ನಡ ಗೆಳೆಯರ ಪ್ರಶ್ನೆ ಒಂದೇ: ನಮ್ಮ ಡೊಳ್ಳು ಕುಣಿತ ಇಲ್ಲವೇ, ಕೋಲಾಟ ಇಲ್ಲವೇ, ಜಪಾನಿನವರದ್ದು ನಿನಗೇಕೆ? ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಕೋಲಾಟ ಕಲಿಸಲು ನನ್ನನ್ನು ಕರೆದವರೇ ಇದನ್ನು ಕೇಳಿದ್ದು, ನಾನು ಕಲಿಸಿಯೂ ಕೊಟ್ಟೆ. ಕೋಲಾಟದಲ್ಲಿ ಸದ್ದು ಹುಟ್ಟುವುದು ನನ್ನ ಕೋಲು ಇನ್ನೊಬ್ಬರ ಕೋಲಿಗೆ ತಾಗಿದಾಗ. ತಪ್ಪಿದರೆ ಎದುರಿನವರು ಸರಿಪಡಿಸಿಕೊಳ್ಳುತ್ತಾರೆ. ನರುಕೊವಿನಲ್ಲಿ ನನ್ನ ಸದ್ದು ನನ್ನ ಕೈಯಲ್ಲೇ ಇದೆ, ಎದುರಿಗೆ ಯಾರೂ ಇಲ್ಲ, ಎಲ್ಲರೂ ಒಂದೇ ಕಡೆಗೆ ಮುಖ ಮಾಡಿದ್ದಾರೆ. ಪಕ್ಕದವರನ್ನು ನೋಡದೆ ಪಕ್ಕದವರ ಜೊತೆ ಇರುವ ಈ ಬಗೆ ನನಗೆ ಹೊಸದು. ‘ನಮ್ಮದು’, ‘ಅವರದು’ ಎಂಬ ವಾದಕ್ಕೆ ನನ್ನಲ್ಲಿ ಬೇರೆ ಸಮರ್ಥನೆ ಇಲ್ಲ, ಇದಷ್ಟೇ ಇದೆ. ಇನ್ನೊಂದು ಮಾತು. ನಾವು ಹವ್ಯಾಸಿಗಳು, ಅಸಲಿನ ಮುಂದೆ ನಕಲು ಎಂಬ ಅಳುಕು ನನಗೆ ಬಹಳ ಕಾಲ ಇತ್ತು. ಆದರೆ ಕನ್ನಡದಲ್ಲಿ ಹವ್ಯಾಸಿ ಎಂಬ ಮಾತಿಗೆ ಕೀಳರಿಮೆಯಿಲ್ಲ. ಹಗಲು ಬ್ಯಾಂಕಿನಲ್ಲಿ ಲೆಕ್ಕ ಬರೆದು ರಾತ್ರಿ ನಾಟಕವಾಡಿದವರು, ಶಾಲೆಯ ಮೇಷ್ಟರಾಗಿದ್ದುಕೊಂಡು ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು ನಮ್ಮಲ್ಲಿ ಎಷ್ಟಿಲ್ಲ! ಯೊಸಕೊಯಿಯಾದರೋ ಹುಟ್ಟಿದಂದಿನಿಂದಲೂ ಹವ್ಯಾಸಿಗಳದೇ. ಅಂಗಡಿ ಬೀದಿಯವರು, ಬ್ಯಾಂಕಿನವರು, ಕಾಲೇಜಿನವರು, ಬಡಾವಣೆಯವರು ಕಟ್ಟಿಕೊಂಡ ತಂಡಗಳು. ಅಲ್ಲಿ ಅಸಲಿಯೂ ಹವ್ಯಾಸಿಯೇ.

ಎರಡು ವರ್ಷದ ನಂತರ ಆಗಸ್ಟಿನಲ್ಲಿ ಕೋಚಿಗೆ ಹೋದೆ. ಫೋನಿನಲ್ಲಿ ಹೇಳಿದಾಗ ಅಮ್ಮ, ಹಾಗಿದ್ದರೆ ಗುರುವಾಯೂರಿಗೂ ಹೋಗಿ ಬಾ ಎಂದಳು. ಕೇರಳದ ಕೊಚ್ಚಿಯಲ್ಲ, ಜಪಾನಿನ ಕೋಚಿ ಎಂದು ಬಿಡಿಸಿ ಹೇಳಿದೆ. ಆದರೆ ರೈಲು ಓಕಾಯಾಮದಿಂದ ಹೊರಟು, ಕಡಲ ಮೇಲಿನ ಉದ್ದನೆಯ ಸೇತುವೆಯನ್ನೂ ಆಮೇಲೆ ಬೆಟ್ಟದ ಕಣಿವೆಗಳನ್ನೂ ದಾಟಿ ಕೋಚಿಯಲ್ಲಿ ನನ್ನನ್ನು ಇಳಿಸಿದಾಗ ಬಂದು ಬಡಿದ ಆ ಒದ್ದೆ ಸೆಕೆ ಮಂಗಳೂರಿನದೇ, ಕೊಚ್ಚಿಯದೇ. ಯೊಸಕೊಯಿ ಹಾಡಿನಲ್ಲಿ ಬರುವ ಹರಿಮಾಯ ಸೇತುವೆಯನ್ನು ನೋಡಿದೆ. ಒಬ್ಬ ಭಿಕ್ಷು ಅಲ್ಲಿ ಹೆಂಗಸರ ಹೆರಳುಕಡ್ಡಿ ಕೊಂಡದ್ದನ್ನು ಜನ ಕಂಡು ಹಾಡು ಕಟ್ಟಿದರಂತೆ. ಹಾಡಿನಲ್ಲಿ ಅಷ್ಟು ದೊಡ್ಡದಾದ ಸೇತುವೆ ಕಣ್ಣಿಗೆ ಹತ್ತಿಪ್ಪತ್ತು ಹೆಜ್ಜೆಯ ಕೆಂಪು ಕಾಲುದಾರಿ; ಜಪಾನೀಯರೇ ಅದನ್ನು ದೇಶದ ಮೂರು ಮಹಾ ನಿರಾಶೆಗಳಲ್ಲಿ ಒಂದೆಂದು ತಮಾಷೆ ಮಾಡುತ್ತಾರೆ.

ಹಬ್ಬ 9ರ ಸಂಜೆಯಿಂದ 12ರವರೆಗೆ. ಕೋವಿಡ್‌ಗೆ ಮುಂಚಿನ ವರ್ಷಗಳಲ್ಲಿ ಸುಮಾರು 200 ತಂಡಗಳು, 18,000ದಷ್ಟು ಜನ ಇಡೀ ಊರಿನ ಬೀದಿಗಳಲ್ಲಿ ಕುಣಿದದ್ದಿದೆ. ಪ್ರತಿ ತಂಡದ ಮುಂದೆ ಅಲಂಕರಿಸಿದ ಲಾರಿ, ಅದರ ಮೇಲೆ ಗುಡ್ಡದಂತೆ ಸ್ಪೀಕರುಗಳು, ಕೆಲವದರಲ್ಲಿ ಹಾಡುಗಾರರೂ ವಾದ್ಯದವರೂ. ಗಣೇಶ ವಿಸರ್ಜನೆಯ ಮೆರವಣಿಗೆ ನೋಡಿದ ಯಾರಿಗೂ ಇದು ಪರಕೀಯವಲ್ಲ. ಆ ದಿನವೇ ಬಂದವರನ್ನೂ ಸೇರಿಸಿಕೊಳ್ಳುವ ತಂಡಗಳು ಅಲ್ಲಿವೆ. ಅಂಥ ಒಂದರಲ್ಲಿ ಮೇಲಂಗಿ ತೊಟ್ಟು (ಎಡ ಅಂಚು ಮೇಲೆ!) ನಿಂತೆ. ಕಲಿಸಿದ್ದು ಮೊದಲ ವರ್ಷಗಳ ಹಳೆಯ ಕ್ರಮದ ಸರಳ ಕುಣಿತ, ಸಾಂಪ್ರದಾಯಿಕ ನೃತ್ಯ ಕಲಿಸುವವರು ಸೇರಿ ಹೊಂದಿಸಿದ್ದು. ನಮ್ಮ ಡ್ಯುಸೆಲ್‌ಡಾರ್ಫಿನ ಕುಣಿತದ ನೆಗೆತ, ತಿರುಗಾಟ ಯಾವುದೂ ಅದರಲ್ಲಿಲ್ಲ. ಇಷ್ಟೇನಾ ಎಂದುಕೊಂಡೆ.

ಲಾರಿ ಹೊರಟಿತು. ಎಂಟು ಎಣಿಕೆ ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನವರ ನರುಕೊ ನನ್ನ ಬೆನ್ನಿಗೆ ತಾಗಿತು. ನಾನು ನಿಂತಲ್ಲೇ ಕುಣಿಯುತ್ತಿದ್ದೆ. ಎರಡು ವರ್ಷ ಹಾಲಿನ ನೆಲದ ಮೇಲೆ, ಎಂಟು ಮೀಟರಿನ ವೇದಿಕೆಗಳ ಮೇಲೆ ಕಲಿತ ದೇಹಕ್ಕೆ ಮುಂದೆ ಹೋಗುವುದೇ ಗೊತ್ತಿರಲಿಲ್ಲ. ಎರಡು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಹಿಂದಿಟ್ಟು ಲೆಕ್ಕ ತೀರಿಸುವ ಚಾಳಿ. ಪರದೇಶದಲ್ಲಿ ನಮಗೆ ಕೊಡುವುದು ವೇದಿಕೆ, ನಮ್ಮ ಮುಂದೆ ಕುರ್ಚಿಗಳ ಸಾಲು. ಬೀದಿಯನ್ನು ಯಾರು ಕೊಡುತ್ತಾರೆ? ನನ್ನ ಎಡಕ್ಕಿದ್ದವರು ಎಪ್ಪತ್ತು ದಾಟಿದ ಹೆಂಗಸು. ಮುಖ ತಿರುಗಿಸದೆ ‘ಮಾಎ, ಮಾಎ’ ಎಂದರು, ಮುಂದೆ, ಮುಂದೆ ಎಂದು. ಅವರ ಹೆಜ್ಜೆಯನ್ನು ಓರೆಗಣ್ಣಿನಲ್ಲಿ ನೋಡಿದೆ. ಅದು ಕುಣಿತದ ಹೆಜ್ಜೆಯೇ ಆಗಿರಲಿಲ್ಲ, ನಡಿಗೆಯಾಗಿತ್ತು. ಪೇಟೆಗೆ ಹೊರಟವರ ನಡಿಗೆಗೆ ಸ್ವಲ್ಪ ಮಂಡಿ ಬಾಗಿಸಿ, ಮೇಲೆ ಕೈಗಳನ್ನು ತೇಲಿಬಿಟ್ಟಿದ್ದರು. ಹಾಡಿನಲ್ಲಿ ಮತ್ತೆ ಮತ್ತೆ ಬರುವ ‘ಯೊಚ್ಚೊರೆ’ ಎಂಬ ಕೂಗನ್ನು ನಾನು ಅರ್ಥವಿಲ್ಲದ ಪಲ್ಲವಿ ಎಂದೇ ಕೂಗುತ್ತಾ ಬಂದಿದ್ದೆ. ಕೋಚಿಯ ಆಡುಮಾತಿನಲ್ಲಿ ಅದಕ್ಕೆ ಬದಿಗೆ ಸರಿಯಿರಿ ಎಂದು ಅರ್ಥವಂತೆ. ದಾರಿ ಬಿಡಿ ಎಂದು ಕೂಗುತ್ತಾ ನಿಂತಲ್ಲೇ ನಿಂತವಳು ನಾನೊಬ್ಬಳೇ ಇರಬೇಕು.

ಓಬಿಯಾಮಾಚಿ ಎಂಬ ಅಂಗಡಿ ಬೀದಿಗೆ ಮಾಡು ಹೊದಿಸಿದ್ದಾರೆ. ಅದರೊಳಗೆ ಹೊಕ್ಕೊಡನೆ ಬಿಸಿಲು ಕಡಿಮೆಯಾಗಿ ಸದ್ದು ಇಮ್ಮಡಿಯಾಯಿತು. ನೂರಾರು ನರುಕೊಗಳು ಮಾಡಿಗೆ ಬಡಿದು ಹಿಂದಿರುಗಿ ನಮ್ಮ ಮೇಲೇ ಸುರಿದವು. ಎರಡೂ ಬದಿಗೆ ಅಂಗಡಿಯವರು, ಮಡಿಲಲ್ಲಿ ಮಕ್ಕಳು, ಬೀಸಣಿಗೆ. ಆ ಬೀದಿಯ ಯಾವುದೋ ಒಂದು ಕಡೆ ನನ್ನ ಬಲಗೈಯ ನರುಕೊವಿನ ನಡುವಿನ ಬಡಿ ಸೀಳಿ ಹಾರಿಹೋಯಿತು. ಉಳಿದೆರಡರ ಸದ್ದು ಬೋಳುಬೋಳಾಗಿ ಕೇಳಿಸಿತು. ನಿಂತು ಹುಡುಕುವಂತಿಲ್ಲ, ಹಿಂದೆ ಜನ ಬರುತ್ತಿದ್ದಾರೆ. ಬೀದಿಯ ಕೊನೆಯಲ್ಲಿ ನೀರು ಕೊಟ್ಟರು, ಒದ್ದೆ ಟವೆಲ್ ಕೊಟ್ಟರು. ಆ ಎಪ್ಪತ್ತರ ಹೆಂಗಸಿನ ಕೊರಳಲ್ಲಿ ಆಗಲೇ ಎರಡು ಪದಕಗಳಿದ್ದವು. ನಗುತ್ತಾ ಚೆನ್ನಾಗಿ ಕುಣಿದವರಿಗೆ ದಾರಿಯಲ್ಲೇ ಕೊರಳಿಗೆ ಹಾಕುವ ಪದ್ಧತಿ. ನನ್ನ ನರುಕೊವನ್ನು ಅವರು ಕೈಗೆ ತೆಗೆದುಕೊಂಡು, ಚೀಲದಿಂದ ಒಂದು ಹಳೆಯ ಬಡಿಯನ್ನು ಹುಡುಕಿ ತೆಗೆದು, ಕಡ್ಡಿಯನ್ನು ಹೊರಕ್ಕೆ ತಳ್ಳಿ, ಬಡಿಯನ್ನು ಕೂರಿಸಿ, ಕಡ್ಡಿಯನ್ನು ಹಲ್ಲಿನಿಂದ ಒತ್ತಿ ಬಿಗಿ ಮಾಡಿದರು. ಹಳದಿ ಇರಬೇಕಾದ ಕಡೆ ಬಣ್ಣ ಹೋಗಿ ಬರಿಯ ಮರ ಕಾಣುತ್ತಿದ್ದ ಬಡಿ. ಒಮ್ಮೆ ಆಡಿಸಿ ನೋಡಿ, ತಲೆಯಾಡಿಸಿ ನನಗೆ ಕೊಟ್ಟರು. ಅಷ್ಟರಲ್ಲಿ ನಮ್ಮ ಲಾರಿ ಮುಂದಿನ ಬೀದಿಗೆ ಹೊರಟಿತ್ತು.

ಸೆಪ್ಟೆಂಬರಿನ ಮೊದಲ ಅಭ್ಯಾಸದಲ್ಲಿ ನಾನು ಗುರುವಿಗೆ ಹಾಲನ್ನು ಬಿಟ್ಟು ಹೊರಗೆ ಹೋಗೋಣವೇ ಎಂದು ಕೇಳಿದೆ. ಅವರು ಕಿಟಕಿಯಿಂದ ಹೊರಗೆ ನೋಡಿದರು. ಶಾಲೆಯ ಹಿಂದಿನ ವಾಹನ ನಿಲ್ದಾಣ ಸಂಜೆ ಖಾಲಿ. ಉದ್ದ ಅರವತ್ತು ಮೀಟರ್ ಇದ್ದೀತು, ಕೊನೆಯಲ್ಲಿ ಸೈಕಲ್ಲುಗಳ ಗೂಡು. ಎರಡು ಸಾಲಾಗಿ ನಿಂತೆವು. ಪೋಲಿಷ್ ನರ್ಸ್ ತನ್ನ ಚಿಕ್ಕ ಕಾರಿನ ಬಾಗಿಲು ತೆರೆದು, ಹಾಡು ಹಾಕಿ, ನಮ್ಮ ಮುಂದೆ ನಡಿಗೆಯ ವೇಗದಲ್ಲಿ ಓಡಿಸಿದಳು. ಸೈಕಲ್ ಗೂಡು ಮುಟ್ಟುವ ಹೊತ್ತಿಗೆ ಗುರು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ, ಒಬ್ಬರ ನರುಕೊ ಬೇರೆ ಥರ ಕೇಳಿಸುತ್ತಿದೆ, ಯಾರದು ಎಂದು ಜರ್ಮನ್‌ನಲ್ಲಿ ಕೇಳಿದರು. ನಾನು ಬಲಗೈ ಎತ್ತಿದೆ. ಅವರು ಹತ್ತಿರ ಬಂದು ಬಣ್ಣವಿಲ್ಲದ ಆ ಬಡಿಯನ್ನು ಹೆಬ್ಬೆರಳಿನಿಂದ ಎತ್ತಿ ಬಿಟ್ಟರು, ಇನ್ನೊಮ್ಮೆ ಎತ್ತಿ ಬಿಟ್ಟರು. ಆಮೇಲೆ ನನ್ನನ್ನು ಮುಂದಿನ ಸಾಲಿನ ಎಡ ತುದಿಗೆ ಕಳಿಸಿ, ಮತ್ತೆ ಮೊದಲಿನಿಂದ ಎಂದರು.